ದೋಣಿಮಲೈಗೆ ಕಡಲು ಎಷ್ಟು ದೂರ?

ಡಿಸೆಂಬರ್ ಬಂತೆಂದರೆ ಹೊಸಪೇಟೆ–ಹುಬ್ಬಳ್ಳಿ ರಸ್ತೆಯಲ್ಲಿ ಶಾಲೆ ಮಕ್ಕಳ ಬಸ್ಸುಗಳದ್ದೇ ಕಾರುಬಾರು. ಕಾರವಾರ, ಕುಮಟಾ, ಭಟ್ಕಳದ ಮಕ್ಕಳು ಕಲ್ಲು ನೋಡಲು ಹಂಪಿಗೆ ಬರುತ್ತಿರುತ್ತಾರೆ. ಸಂಡೂರು, ಕಂಪ್ಲಿ, ಹೊಸಪೇಟೆಯ ಮಕ್ಕಳು ನೀರು ನೋಡಲು ಅವರೂರಿಗೆ ಹೊರಟಿರುತ್ತಾರೆ. ಗದಗಿನ ಆಚೆಈಚೆ ಎಲ್ಲೋ ಒಂದು ಢಾಬಾದ ಮುಂದೆ ಎರಡೂ ಪಂಗಡ ಎದುರಾದರೆ ಕಿಟಕಿಯಿಂದ ಕೈಬೀಸಿ ಕೂಗಾಡುವುದೇನು! ತಮ್ಮ ಹಿತ್ತಿಲನ್ನು ನೋಡಲು ಇವರು ದುಡ್ಡು ಕೊಟ್ಟು ಹೋಗುತ್ತಿದ್ದಾರೆಂದು ಅವರಿಗೆ ನಗು. ವಿರೂಪಾಕ್ಷನ ಗುಡಿಯೆಂದರೆ ಮದುವೆಗೋ ಜಾವಳಕ್ಕೋ ಹೋಗುವ ಜಾಗವೆಂದುಕೊಂಡ ನಮ್ಮವರಿಗೆ, ಅದನ್ನು ನೋಡಲು ಘಟ್ಟ ಹತ್ತಿ ಬರುತ್ತಾರಲ್ಲ ಎಂದು ಇನ್ನೂ ದೊಡ್ಡ ನಗು.

ಈ ಹಾದಿ ಹೊಸದಲ್ಲ ಬಿಡಿ. ವಿಜಯನಗರದ ಅರಸರಿಗೆ ಕುದುರೆಗಳು ಹಡಗಿನಲ್ಲಿ ಭಟ್ಕಳ ಮತ್ತಿತರ ಬಂದರುಗಳಿಗೆ ಬಂದಿಳಿದು ಘಟ್ಟ ಹತ್ತುತ್ತಿದ್ದವು. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಮಂಗಳೂರಿನ ಕಡೆಯಿಂದ ಮೇಲೇರಿ ಬಂದವನು. ಹಂಪಿ ಕಡಲಿಗೆ ದೂರವಿದ್ದರೂ ಕಡಲ ಹಂಗಿನಲ್ಲೇ ಬೆಳೆದ ಊರು. ಆಮೇಲೆ ಅದನ್ನು ಮರೆತೆವು. ಈಗ ಸಮುದ್ರವೆಂದರೆ ನಮ್ಮ ಕಡೆಯ ಶಾಲೆಗಳಿಗೆ ಮುರುಡೇಶ್ವರ, ಇಡಗುಂಜಿ, ಗೋಕರ್ಣದ ನಡುವೆ ಸಿಗುವ ಒಂದರ್ಧ ಗಂಟೆ. ಪ್ಯಾಂಟು ಮಡಚಿ, ಮೊಣಕಾಲು ತೋಯಿಸಿಕೊಂಡು, ಗ್ರೂಪ್ ಫೋಟೋ ತೆಗೆಸಿಕೊಂಡು, ಬಸ್ ಹತ್ತಿದರೆ ಮುಗಿಯಿತು.

ನಮ್ಮ ದೋಣಿಮಲೈ ಗಣಿ ಟೌನ್‌ಶಿಪ್ಪಿನ ಶಾಲೆಗೆ ಹೊಸದಾಗಿ ಬಂದ ಜೀವಶಾಸ್ತ್ರದ ಮೇಡಂ ಇದನ್ನು ಒಪ್ಪಲಿಲ್ಲ. ಅವರ ತಕರಾರು ಪಠ್ಯಪುಸ್ತಕದಿಂದಲೇ ಶುರುವಾಯಿತು. ಹನ್ನೊಂದನೇ ತರಗತಿಯ ಪುಸ್ತಕದಲ್ಲಿ ಪ್ರಾಣಿಗಳ 11 ವಂಶಗಳಿವೆ: ಪೊರಿಫೆರಾದಿಂದ ಕಾರ್ಡೇಟಾದವರೆಗೆ ಮಕ್ಕಳು ಮಗ್ಗಿಯ ರಾಗದಲ್ಲಿ ಒಪ್ಪಿಸುತ್ತಾರೆ. ಅವುಗಳಲ್ಲಿ ಟೀನೊಫೋರಾ, ಎಕೈನೊಡರ್ಮೇಟಾ, ಹೆಮಿಕಾರ್ಡೇಟಾ ಎಂಬ ಮೂರು ವಂಶಗಳು ಸಿಹಿನೀರಿನಲ್ಲಿ ಇಲ್ಲವೇ ಇಲ್ಲ. ನಾರಿಹಳ್ಳದ ಕಟ್ಟೆಯಲ್ಲಾಗಲಿ, ತುಂಗಭದ್ರೆಯ ಹಿನ್ನೀರಿನಲ್ಲಾಗಲಿ ನೀವು ವರ್ಷಗಟ್ಟಲೆ ಬಲೆ ಬೀಸಿದರೂ ಒಂದು ನಕ್ಷತ್ರಮೀನು ಸಿಕ್ಕದು. ಹಾಗಾಗಿ ನಮ್ಮ ಮಕ್ಕಳು ಕಂಡಿದ್ದ ಏಕೈಕ ನಕ್ಷತ್ರಮೀನೆಂದರೆ ಲ್ಯಾಬಿನ ಕಪಾಟಿನಲ್ಲಿ ಫಾರ್ಮಲಿನ್ ಕುಡಿದು ಹಳದಿಯಾಗಿ, ಒಂದು ತೋಳು ಮುರಿದು, ಜಾಡಿಯ ತಳದಲ್ಲಿ ಕೂತಿದ್ದ ಪುಣ್ಯಾತ್ಮ. ನಕ್ಷತ್ರಮೀನಿಗೆ ಸಾಮಾನ್ಯವಾಗಿ ಎಷ್ಟು ತೋಳು ಎಂದರೆ ನಮ್ಮ ಹುಡುಗರು ಧೈರ್ಯವಾಗಿ ನಾಲ್ಕೂವರೆ ಎನ್ನುತ್ತಿದ್ದರು.

ಮೇಡಂ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿ ಕೆಟ್ಟವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟ್ರ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಓದಿದ ಯಾವ ಮೇಷ್ಟ್ರಿಗೂ ಮತ್ತೆ ಕಪ್ಪುಹಲಗೆಯ ಮೇಲೆ ಎಲೆ ಬಿಡಿಸುವುದು ರುಚಿಸುವುದಿಲ್ಲ. ಮೇಡಂ ಕಾರವಾರ ಎಂದರು. ಪ್ರಾಂಶುಪಾಲರು ಶನಿವಾರ–ಭಾನುವಾರ ಎಂದರು. ಮೇಡಂ ಶನಿವಾರ ಭಾನುವಾರ ಸಮುದ್ರಕ್ಕೆ ಗೊತ್ತಿಲ್ಲ ಸಾರ್ ಎಂದರು. ಅಲ್ಲಿಂದ ರಾಮಾಯಣ.

ಸಂಗತಿ ಏನೆಂದರೆ, ಕಡಲಿನ ಜೀವಿಗಳನ್ನು ನೋಡಬೇಕಾದರೆ ನೀರು ಚೆನ್ನಾಗಿ ಹಿಂದೆ ಸರಿದು ಬಂಡೆಗಳು ಬಯಲಾಗಬೇಕು. ಉಬ್ಬರ–ಇಳಿತ ದಿನಕ್ಕೆರಡು ಸಲ ಆಗುತ್ತದೆ, ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅತಿ ಹೆಚ್ಚು ಇಳಿಯುವುದು ಅಮಾವಾಸ್ಯೆ–ಹುಣ್ಣಿಮೆಗಳ ಆಸುಪಾಸಿನಲ್ಲಿ. ಅಷ್ಟಮಿಯ ಹೊತ್ತಿಗೆ ಹೋದರೆ ಸಮುದ್ರ ಅರ್ಧಂಬರ್ಧ ಸರಿದು ನಿಂತಿರುತ್ತದೆ. ಅಂದರೆ ಶಾಲೆಯ ಟೈಮ್‌ಟೇಬಲ್ಲಿಗೆ ಬದಲು ಪಂಚಾಂಗ ತೆಗೆಯಬೇಕು. ಪಂಚಾಂಗದಲ್ಲಿ ಹತ್ತಿರ ಕಂಡದ್ದು ಅಮಾವಾಸ್ಯೆ.

ಪೋಷಕರ ಸಭೆಯಲ್ಲಿ ಇದನ್ನು ಹೇಳಿದ್ದೇ ತಡ, ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. "ಅಲ್ರೀ ಮೇಡಂ, ಅಮಾಸಿ ದಿನ ಹುಡುಗುರ್ನ ಊರು ದಾಟಿಸ್ತೀರಾ? ಅದೂ ನೀರಿನ ಕಡೀಗೆ?" ಗಣಿಯಲ್ಲಿ ಡಂಪರ್ ಓಡಿಸುವ ಅಪ್ಪಂದಿರು, ಕ್ರಷಿಂಗ್ ಪ್ಲಾಂಟಿನ ಎಂಜಿನಿಯರು, ಆಂಧ್ರದವರು, ತಮಿಳರು, ಒಡಿಶಾದವರು, ಬೇರೆ ಯಾವ ವಿಷಯದಲ್ಲೂ ಒಂದಾಗದ ಜನ ಇದರಲ್ಲಿ ಒಂದಾದರು. ಹಾಗಾದರೆ ಹುಣ್ಣಿಮೆ? ಹುಣ್ಣಿಮೆಗೆ ಯಾರ ತಕರಾರೂ ಇಲ್ಲ. ಮರುದಿನ ಪಾಡ್ಯ, ಪ್ರಯಾಣ ಬೇಡ ಎಂದು ಒಬ್ಬ ಅಜ್ಜ ಸೇರಿಸಿದರು. ಬಿದಿಗೆಗೆ ಬಂಡೆಯ ಮೇಲಿರುವಂತೆ ಲೆಕ್ಕ ಹಾಕಿದರಾಯಿತು ಎಂದು ಎಲ್ಲರೂ ರಾಜಿಯಾದರು. ಮೇಡಂ ಒಳಗೊಳಗೇ ಖುಷಿಯಾಗಿದ್ದನ್ನು ನಾನು ಬಲ್ಲೆ: ಬಹಳ ಕಡೆ ಇಳಿತ ಪೂರ್ತಿ ಜೋರಾಗುವುದು ಹುಣ್ಣಿಮೆಯ ದಿನವೇ ಅಲ್ಲ, ಅದಾಗಿ ಒಂದೆರಡು ದಿನಕ್ಕೆ. ಅಜ್ಜನಿಗೆ ಅದು ಗೊತ್ತಿರಲಿಕ್ಕಿಲ್ಲ, ಆದರೆ ತೀರ್ಪು ಸರಿಯಾಗಿಯೇ ಬಂತು.

ನೀರಿನ ಭಯ ಮಾತ್ರ ನಗುವ ಮಾತಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ತೀರಿಕೊಂಡರು. ಬಯಲುಸೀಮೆಯ ಮಕ್ಕಳಿಗೆ ಕಾಲುವೆ ಗೊತ್ತು, ಬಾವಿ ಗೊತ್ತು. ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹಿಂದೆ ಸರಿಯುವ ನೀರು ಗೊತ್ತಿಲ್ಲ. ಮೇಡಂ ಹಾಕಿದ ನಿಯಮ ಒಂದೇ: ಮರಳಿನ ಬೀಚಿಗೆ ಯಾರೂ ಇಳಿಯುವಂತಿಲ್ಲ, ಬಂಡೆಯ ಮೇಲೆ ಸ್ಥಳೀಯರು ತೋರಿಸಿದ ಕಡೆ ಮಾತ್ರ, ನೀರು ತಿರುಗುವ ಮೊದಲೇ ವಾಪಸ್. ಸಮುದ್ರ ನೋಡಲು ಹೋಗಿ ಸಮುದ್ರಕ್ಕಿಳಿಯದ ಪ್ರವಾಸವೆಂದು ಹುಡುಗರು ಗೊಣಗಿದರು. ಗೊಣಗಲಿ.

ಪೋಷಕರ ಪರವಾಗಿ ಯಾರಾದರೂ ಜೊತೆಗೆ ಹೋಗಬೇಕೆಂದಾಗ ಬೇರೆ ಕೆಲಸವಿಲ್ಲದವನೆಂದು ಗೊತ್ತಿದ್ದರಿಂದ ನನ್ನ ಹೆಸರು ಬಂತು. ಸುಮಾರು 350 ಕಿಲೋಮೀಟರು. ವಗ್ಗಾಣಿ, ಮಿರ್ಚಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಹುಬ್ಬಳ್ಳಿ ದಾಟುವಷ್ಟರಲ್ಲಿ ಖಾಲಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಅವುಗಳಲ್ಲಿ ಅರ್ಧ ವಾಪಸ್. ಘಟ್ಟವೆಂದರೆ ನಮ್ಮ ಮಕ್ಕಳಿಗೆ ಅದಿರಿನ ಲಾರಿ ಹತ್ತಿಳಿಯುವ ಗಣಿಯ ಹಾದಿ. ಇಷ್ಟು ಹಸಿರು, ಇಷ್ಟು ತಿರುವು ಒಟ್ಟಿಗೆ ಅವರು ಕಂಡವರಲ್ಲ. ಲಿಂಬೆಹಣ್ಣು ಮೂಸಿಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದುಕೊಂಡು, ಅಂಕೋಲೆಯಲ್ಲಿ ಎದ್ದು ಕೂತು "ಬಂತಾ? ಬಂತಾ?" ಎಂದದ್ದೇ ಎಂದದ್ದು.

ಕಾರವಾರದ ಬಗ್ಗೆ ಹೇಳಹೊರಟರೆ ರವೀಂದ್ರನಾಥ ಟಾಗೋರರನ್ನು ತರದೆ ಬಿಡುವ ರೂಢಿಯಿಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜಾಗಿದ್ದಾಗ ತಮ್ಮ ಬಂದಿದ್ದು, ಇಪ್ಪತ್ತೆರಡರ ಹರೆಯದಲ್ಲಿ ಇಲ್ಲೇ ಕೂತು ನಾಟಕ ಬರೆದದ್ದು, ಬೀಚಿಗೆ ಅವರ ಹೆಸರಿಟ್ಟದ್ದು, ಎಲ್ಲ ಬೋರ್ಡಿನ ಮೇಲಿದೆ. ನನಗೆ ಹೆಚ್ಚು ಕುತೂಹಲದ ಜಾಗ ಕಾಳಿ ನದಿಯ ಮಗ್ಗುಲಿನ ಕೋಡಿಬಾಗ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ತನ್ನ ಕಡಲ ಜೀವಶಾಸ್ತ್ರ ವಿಭಾಗವನ್ನು ಘಟ್ಟದ ಕೆಳಗೆ ಇಲ್ಲಿ ಇಟ್ಟಿದೆ. ಎಂ.ಎಸ್‌ಸಿ. ಓದುವವರು ಪಾಠ ಮುಗಿಸಿ ಮೆಟ್ಟಿಲಿಳಿದರೆ ಪ್ರಯೋಗಶಾಲೆ ಅಲೆ ಹೊಡೆಯುತ್ತಿರುತ್ತದೆ. ವಿಶ್ವವಿದ್ಯಾಲಯಗಳು ತಮ್ಮ ವಿಭಾಗಗಳನ್ನೆಲ್ಲ ಹೀಗೆ ವಿಷಯ ಇರುವ ಕಡೆಗೆ ಸಾಗಿಸಿದರೆ ರಾಜ್ಯಶಾಸ್ತ್ರದವರು ಎಲ್ಲಿ ಕೂರಬೇಕಾದೀತು ಎಂದು ಯೋಚಿಸಿ ಸುಮ್ಮನಾದೆ.

ನಸುಕಿನಲ್ಲಿ ಬಂಡೆ ಮುಟ್ಟಿದೆವು. ನೀರು ಹಿಂದೆ ಹೋಗಿತ್ತು. ಮೊದಲ ನೋಟಕ್ಕೆ ಏನೂ ಇಲ್ಲ: ಕಪ್ಪು ಬಂಡೆ, ಪಾಚಿ, ಅಲ್ಲಲ್ಲಿ ಗುಂಡಿ. "ಮೇಡಂ, ಇಲ್ಲಿ ಏನೂ ಇಲ್ರೀ" ಎಂದ ಒಬ್ಬ. ಮೇಡಂ ಅವನನ್ನು ಒಂದು ಗುಂಡಿಯ ಮುಂದೆ ಕೂರಿಸಿ, ನೆರಳು ಬೀಳದ ಹಾಗೆ ನೋಡುತ್ತಿರು ಎಂದು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಒಂದು ಶಂಖ ನಡೆಯತೊಡಗಿತು, ಕೆಳಗೆ ಸಂನ್ಯಾಸಿ ಏಡಿಯ ಕಾಲು. ಬಂಡೆಗೆ ಅಂಟಿದ್ದ ಸುಣ್ಣದ ಚೂರುಗಳೆಂದುಕೊಂಡಿದ್ದವು ಬಾಯಿ ತೆರೆದವು. ಒಳಗಿಂದ ಕೂದಲಿನಂಥ ಕಾಲುಗಳು ಹೊರಬಂದು ನೀರನ್ನು ಬಾಚಿ ಒಳಗೆಳೆದುಕೊಂಡವು. ಅವು ಬಾರ್ನಕಲ್‌ಗಳು. ಮರಿಯಾಗಿದ್ದಾಗ ಈಜಾಡಿ, ಜಾಗ ಆರಿಸಿ, ತಲೆಯನ್ನೇ ಬಂಡೆಗೆ ಅಂಟಿಸಿಕೊಂಡು ಉಳಿದ ಆಯುಸ್ಸನ್ನೆಲ್ಲ ತಲೆಕೆಳಗಾಗಿ, ಕಾಲಿನಿಂದ ಊಟ ಬಾಯಿಗೆ ನೂಕಿಕೊಂಡು ಕಳೆಯುತ್ತವೆ. ಡಾರ್ವಿನ್ 1846ರಿಂದ ಎಂಟು ವರ್ಷ ಇವುಗಳ ಹಿಂದೆ ಬಿದ್ದಿದ್ದ. ಅಪ್ಪಂದಿರ ಕೆಲಸವೇ ಇದು ಎಂದುಕೊಂಡ ಅವನ ಮಗುವೊಂದು, ಪಕ್ಕದ ಮನೆಯವರು ತಮ್ಮ ಬಾರ್ನಕಲ್‌ಗಳನ್ನು ಎಲ್ಲಿಟ್ಟುಕೊಂಡು ನೋಡುತ್ತಾರೆ ಎಂದು ಕೇಳಿತಂತೆ. ನಮ್ಮ ಟೌನ್‌ಶಿಪ್ಪಿನ ಮಕ್ಕಳೂ ಹಾಗೆಯೇ: ಬೇರೆ ಊರವರ ಅಪ್ಪಂದಿರು ಯಾವ ಶಿಫ್ಟಿಗೆ ಹೋಗುತ್ತಾರೆ ಎಂದು ಕೇಳುತ್ತಾರೆ.

ನನಗೆ ಮರೆಯಲಾಗದ್ದು ಲಿಂಪೆಟ್. ಉಗುರಿನಷ್ಟಗಲದ ಗೋಪುರದಾಕಾರದ ಚಿಪ್ಪು, ಬಂಡೆಗೆ ಕಚ್ಚಿಕೊಂಡಿದ್ದರೆ ಕೈಯಲ್ಲಿ ಕೀಳಲಾಗದು. ಇಳಿತದಲ್ಲಿ ಸತ್ತಂತೆ ಕೂತಿರುತ್ತದೆ. ನೀರು ಬಂದಾಗ ಹೊರಟು, ಬಂಡೆಯ ಮೇಲಿನ ಪಾಚಿಯನ್ನು ನಾಲಿಗೆಯಿಂದ ಕೆರೆದು ತಿಂದು, ಎಷ್ಟೋ ಜಾತಿಗಳಲ್ಲಿ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಕಲ್ಲನ್ನೇ ಕೆರೆಯುವ ಆ ನಾಲಿಗೆಯ ಮೇಲೆ ಸಾಲುಸಾಲು ಸೂಕ್ಷ್ಮ ಹಲ್ಲುಗಳು. ಹಲ್ಲಿನಲ್ಲಿರುವುದು ಗೊಯ್ಥೈಟ್. ಈ ಹೆಸರು ಕೇಳಿದ್ದೇ ಹಿಂದಿನಿಂದ ಒಬ್ಬಳು, "ಅದು ನಮ್ಮಪ್ಪ ಹೇಳ್ತಿರ್ತಾರ ಮೇಡಂ, ಅದಿರಿನಾಗ ಇರೂದು!" ಎಂದು ಕೂಗಿದಳು. ಹೌದು, ಅದೇ ಕಬ್ಬಿಣದ ಖನಿಜ. 2015ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು ಎಳೆದು ಪರೀಕ್ಷಿಸಿ, ಜೀವಿಗಳು ತಯಾರಿಸುವ ವಸ್ತುಗಳಲ್ಲಿ ಅಲ್ಲಿಯವರೆಗೆ ಗೊತ್ತಿದ್ದ ಎಲ್ಲಕ್ಕಿಂತ ಗಟ್ಟಿ ಲಿಂಪೆಟ್ ಹಲ್ಲು, ಜೇಡರ ಎಳೆಗಿಂತಲೂ ಗಟ್ಟಿ ಎಂದರು. ಅದೇ ಬಂಡೆಗಳ ಮೇಲಿರುವ ಕೈಟನ್ ಎಂಬ ಇನ್ನೊಂದು ಪ್ರಾಣಿಯ ಹಲ್ಲಿನಲ್ಲಿ ಮ್ಯಾಗ್ನೆಟೈಟ್, ಅದೂ ಕಬ್ಬಿಣದ ಖನಿಜವೇ. ಗಣಿಗಾರಿಕೆ ಮಾಡುವವರ ಮಕ್ಕಳು ಕಬ್ಬಿಣದ ಹಲ್ಲಿನಿಂದ ಕಲ್ಲು ಕೆರೆಯುವ ಪ್ರಾಣಿಯ ಮುಂದೆ ಸುತ್ತಲೂ ಕುಕ್ಕುರುಗಾಲಿನಲ್ಲಿ ಕೂತರು. ಅಲ್ಲಿಯವರೆಗೆ ಫೋನಿನಲ್ಲಿ ಮುಳುಗಿದ್ದವರೂ ಬಂದರು.

ಇಲ್ಲಿಂದ ಮಾತು ಊರಿಗೆ ತಿರುಗಿತು. ಕಬ್ಬಿಣಕ್ಕೂ ಕಡಲಿಗೂ ಇರುವ ನಂಟನ್ನು ದೋಣಿಮಲೈಯವರಿಗೆ ಯಾರೂ ಹೇಳದೆ ಉಳಿದದ್ದು ನನಗೆ ಮೊದಲಿಂದಲೂ ಸೋಜಿಗ. ನಮ್ಮ ಊರು ಕೂತಿರುವ ಗುಡ್ಡ ಒಂದು ಕಾಲಕ್ಕೆ ಸಮುದ್ರದ ತಳ. 250 ಕೋಟಿ ವರ್ಷಕ್ಕೂ ಹಿಂದಿನ ಮಾತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡೇ ಇತ್ತು. ಕಣ್ಣಿಗೆ ಕಾಣದ ಜೀವಿಗಳು ಬಿಸಿಲು ಉಂಡು ಆಮ್ಲಜನಕ ಬಿಟ್ಟವು, ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು. ಕೆಲವು ಸೂಕ್ಷ್ಮಜೀವಿಗಳು ಆಮ್ಲಜನಕದ ಗೊಡವೆಯಿಲ್ಲದೆ ನೇರವಾಗಿಯೇ ಆ ಕೆಲಸ ಮಾಡಿರಬಹುದು ಎನ್ನುವವರೂ ಇದ್ದಾರೆ. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ. ಆಮೇಲೆ ನೆಲ ಮಡಚಿಕೊಂಡಿತು, ಎದ್ದಿತು, ಮಳೆ ನೀರು ಸಿಲಿಕಾವನ್ನು ತೊಳೆದೊಯ್ದ ಕಡೆ ಶ್ರೀಮಂತ ಅದಿರು ಉಳಿಯಿತು. ಗಣಿಯ ಕಡಿತದಲ್ಲಿ ಕೆಂಪು–ಬೂದು ಗೆರೆಗಳು ಕಾಣುತ್ತವಲ್ಲ, ಆ ಪದರಗಳೇ ಅವು. ಭೂವಿಜ್ಞಾನಿ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಹೊತ್ತಗೆ ತಂದದ್ದು 1895ರಲ್ಲಿ. ಆಮೇಲಿನವರು ಸಂಡೂರು ಸಾಲಿನ ಪದರಗಳಿಗೆ ನಮ್ಮ ಊರುಗಳ ಹೆಸರನ್ನೇ ಇಟ್ಟರು: ಯಶವಂತನಗರ, ದೇವಗಿರಿ, ದೋಣಿಮಲೈ, ವಿಭೂತಿಗುಡ್ಡ. 1980ರ ದಶಕದಲ್ಲಿ ಈ ಸಾಲಿನ ಸುಣ್ಣದ ಕಲ್ಲಿನಲ್ಲಿ ಸ್ಟ್ರೊಮಟೊಲೈಟ್ ಸಿಕ್ಕಿತು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಹಾಸು ಪದರಗಟ್ಟಿ ಕಲ್ಲಾದದ್ದು. ಕಡಲ ಜೀವಶಾಸ್ತ್ರದ ಪಾಠ ಎಲ್ಲಿಂದ ಶುರುವಾಗಬೇಕೋ ಅದು ಬಸ್ ಹೊರಟ ಜಾಗದಲ್ಲೇ ಇತ್ತು.

ಎನ್‌ಎಂಡಿಸಿ ಇಲ್ಲಿ ಗಣಿ ಶುರುಮಾಡಿದ್ದು 1977ರಲ್ಲಿ. ಒಂದು ಕಾಲಕ್ಕೆ ಇಲ್ಲಿಯ ಅದಿರು ರೈಲು ಹತ್ತಿ ಚೆನ್ನೈ ಬಂದರಿಗೆ ಹೋಗಿ ಜಪಾನಿನ ಹಡಗು ಸೇರುತ್ತಿತ್ತು. ನಮ್ಮ ಮಕ್ಕಳಿಗಿಂತ ಮೊದಲು ನಮ್ಮ ಮಣ್ಣು ಸಮುದ್ರ ಕಂಡಿತು. ಬೇಲೆಕೇರಿ ಬಂದರಿನ ಅಕ್ರಮ ಅದಿರಿನ ಕಥೆ ಎಲ್ಲರಿಗೂ ಗೊತ್ತು. ಅಂಕೋಲೆ ದಾಟುವಾಗ ಡ್ರೈವರ್ ಅತ್ತ ಬೊಟ್ಟು ಮಾಡಿ ಏನೋ ಹೇಳಹೊರಟ, ಮೇಡಂ ಮಕ್ಕಳಿದ್ದಾರೆ ಎಂದು ತಡೆದರು.

ಕಡಲಿಗೆ ಈಗ ಕಬ್ಬಿಣದ ಬರ. ಆಗ ಕರಗಿದ್ದದ್ದು ತಳ ಸೇರಿಯಾಯಿತಲ್ಲ. ಹಾಗಾಗಿ ಅಂಟಾರ್ಕ್ಟಿಕದ ಸುತ್ತಲಿನ ಸಮುದ್ರದಲ್ಲಿ ಉಳಿದ ಪೋಷಕಾಂಶಗಳಿದ್ದರೂ ತೇಲುಸಸ್ಯಗಳು ಸೊರಗಿರುತ್ತವೆ. ಒಂದಿಷ್ಟು ಕಬ್ಬಿಣ ಸುರಿದರೆ ಅವು ಹುಲುಸಾಗಿ ಬೆಳೆದು ಗಾಳಿಯ ಇಂಗಾಲವನ್ನು ನುಂಗಿ ತಳಕ್ಕೆ ಒಯ್ದಾವು ಎಂದು ಅಮೆರಿಕದ ಸಾಗರವಿಜ್ಞಾನಿ ಜಾನ್ ಮಾರ್ಟಿನ್ ವಾದಿಸಿದ್ದು 1990ರ ಹೊತ್ತಿಗೆ. ಅದನ್ನು ಪರೀಕ್ಷಿಸಲು 2009ರಲ್ಲಿ ಹೊರಟದ್ದು ಕಾರವಾರದ ನೆರೆಯ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು, ಜರ್ಮನರ ಜೊತೆಗೂಡಿ, 'ಪೋಲಾರ್‌ಸ್ಟೆರ್ನ್' ಹಡಗಿನಲ್ಲಿ. ಪ್ರಯೋಗದ ಹೆಸರು ಲೋಹಾಫೆಕ್ಸ್. ಸುಮಾರು 300 ಚದರ ಕಿಲೋಮೀಟರಿನಲ್ಲಿ ಆರು ಟನ್ ಕಬ್ಬಿಣ ಕರಗಿಸಿದರು. ಮೇಡಂ ಆರು ಟನ್ ಎಂದದ್ದಕ್ಕೆ ಮಕ್ಕಳು ಘೊಳ್ಳೆಂದು ನಕ್ಕರು; ನಮ್ಮಲ್ಲಿ ಡಂಪರಿನ ಒಂದು ಮೂಲೆಗೂ ಅದು ಸಾಲದು. ತೇಲುಸಸ್ಯ ಬೆಳೆಯಿತು, ಆದರೆ ಸಣ್ಣಪುಟ್ಟ ಪ್ರಾಣಿಗಳು ಬಂದು ಮೇಯ್ದುಬಿಟ್ಟವು, ತಳಕ್ಕಿಳಿದ ಇಂಗಾಲ ಅಷ್ಟಕ್ಕಷ್ಟೆ. ಮೇಯಲು ಕಷ್ಟವಾದ ಗಾಜಿನ ಕವಚದ ಡಯಾಟಮ್‌ಗಳು ಅಲ್ಲಿ ಬೆಳೆಯಲಿಲ್ಲ, ಏಕೆಂದರೆ ಆ ನೀರಿನಲ್ಲಿ ಸಿಲಿಕಾ ತೀರಾ ಕಡಿಮೆಯಿತ್ತು. "ಹಂಗಾರ ನಮ್ ಗುಡ್ಡಾನೇ ಒಯ್ದು ಹಾಕಬೇಕಿತ್ತು, ಎಲ್ಡೂ ಐತಲ್ಲ!" ಎಂದ ನಮ್ಮ ಹುಡುಗ. ನಮ್ಮ ಅದಿರಿನ ಹೆಮಟೈಟು ನೀರಿನಲ್ಲಿ ಸುಲಭವಾಗಿ ಕರಗುವ ಜಾತಿಯಲ್ಲ, ಸೀದಾ ಮುಳುಗುತ್ತದೆ. ಅವರು ಬಳಸಿದ್ದು ಕಬ್ಬಿಣದ ಸಲ್ಫೇಟು ಎಂದು ಮೇಡಂ ತಣ್ಣೀರೆರಚಿದರು. ಹುಡುಗನಿಗೆ ಸಮಾಧಾನವಾಗಲಿಲ್ಲ. ನನಗೂ ಅವನ ಐಡಿಯಾವೇ ಚೆಂದವೆನಿಸಿತು.

ಇಷ್ಟಾದರೂ ನಕ್ಷತ್ರಮೀನು ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಬೈತಖೋಲದ ಮೀನು ಬಂದರಿನಲ್ಲಿ. ದೋಣಿಗಳು ಬಂದು ಬಂಗಡೆ, ತಾರ್ಲಿ, ಸಿಗಡಿಗಳು ಬುಟ್ಟಿ ಸೇರಿದ ಮೇಲೆ ಒಂದು ಕಡೆ ಉಳಿದ ಕಸದ ರಾಶಿ. ಟ್ರಾಲ್ ಬಲೆ ತಳವನ್ನೇ ಬಳಿದುಕೊಂಡು ಬರುವುದರಿಂದ ಯಾರೂ ಕೊಳ್ಳದ್ದೆಲ್ಲ ಅಲ್ಲಿರುತ್ತದೆ. ಬಹುಪಾಲು ಮೀನಿನ ಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅದನ್ನು ಆರಿಸುತ್ತಿದ್ದ ಹೆಂಗಸು ನಮ್ಮ ಹುಡುಗ ಬಗ್ಗಿದ್ದು ನೋಡಿ, "ಎಂತಾ ಹುಡುಕ್ತೆ ತಮಾ?" ಎಂದರು. ಅವನು ಪುಸ್ತಕದ ಚಿತ್ರ ತೋರಿಸಿದ. ಅವರು ರಾಶಿಯೊಳಗೆ ಕೈ ಹಾಕಿ, ನೋಡದೆಯೇ, ಒಂದನ್ನು ಎತ್ತಿ ಬಕೆಟ್ಟಿನ ಉಪ್ಪುನೀರಿಗೆ ಹಾಕಿದರು. ಮಣ್ಣು ಬಣ್ಣ, ಐದು ತೋಳು, ಅಂಚಿಗೆ ಮುಳ್ಳಿನ ಸಾಲು. ಬೆನ್ನಡಿಯಾಗಿ ಬಿದ್ದದ್ದು ಕೆಲಹೊತ್ತು ಸುಮ್ಮನಿತ್ತು. ಆಮೇಲೆ ತೋಳುಗಳ ಕೆಳಗಿನ ನೂರಾರು ಸಣ್ಣ ಕೊಳವೆಗಾಲುಗಳು ಒಂದೊಂದಾಗಿ ತಡಕಾಡಿದವು, ಒಂದು ತೋಳಿನ ತುದಿ ತಿರುಚಿ ಬಕೆಟ್ಟಿನ ತಳ ಹಿಡಿಯಿತು, ಮೈ ನಿಧಾನವಾಗಿ ಮಗುಚಿ ನೆಟ್ಟಗಾಯಿತು. ಹುಡುಗ ತೋಳು ಎಣಿಸಿದ. ಐದೂ ಇದ್ದವು. "ಇದಕ್ಕೇನು ರೇಟು ಅಕ್ಕಾ?" ಎಂದು ಕೇಳಿದ. "ಇದ್ಕೆ ಎಂತ ರೇಟು? ಬಲೆ ಹಾಳು ಮಾಡೂದು" ಎಂದು ನಕ್ಕು ಅವರು ಸಿಗಡಿಗೆ ಮರಳಿದರು. ಮಂತಿಸ್ ಸಿಗಡಿ, ಸಮುದ್ರದ ಹಾವು, ಸ್ಪಂಜು, ಹೆಸರಿಲ್ಲದ ಮೆತ್ತನೆಯ ಮುದ್ದೆಗಳು. ಲ್ಯಾಬಿನ ಕಪಾಟು ತುಂಬುವಷ್ಟು ಅಲ್ಲಿತ್ತು. ತರುವಂತಿರಲಿಲ್ಲ. ಹವಳ, ಕಡಲ ಕುದುರೆ, ಕಡಲ ಸೌತೆ, ಕೆಲವು ಚಿಪ್ಪುಗಳಿಗೆಲ್ಲ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ; ಯಾವುದು ಯಾವುದೆಂದು ಬಸ್ಸಿನಲ್ಲಿ ಪಂಚಾಯಿತಿ ಬೇಡವೆಂದು ಮೇಡಂ ಎಲ್ಲರ ಜೇಬೂ ಖಾಲಿ ಮಾಡಿಸಿದರು. ಡ್ರೈವರಿನದ್ದೂ.

ಊರಿಗೆ ಬಂದ ಮೇಲೆ ಮೇಡಂ ಸುಮ್ಮನಿರಬೇಕಲ್ಲ. ಮುಂದಿನ ಪ್ರವಾಸ ನಮ್ಮದೇ ಗುಡ್ಡಕ್ಕೆ ಎಂದು ಘೋಷಿಸಿದರು. ಪಟ್ಟೆಗಲ್ಲು, ಸ್ಟ್ರೊಮಟೊಲೈಟ್, ಎಲ್ಲವನ್ನೂ ಮಕ್ಕಳು ಕೈಯಲ್ಲಿ ಮುಟ್ಟಬೇಕು. ಪೋಷಕರ ಸಭೆಯಲ್ಲಿ ಅದೇ ತಾಯಿ ಎದ್ದರು: "ದಿನಾ ಕಸ ಹೊಡೆಯೋವಾಗ ಅದೇ ಗುಡ್ಡ ಮನೀಗೆ ಬಂದಿರತೈತಿ. ಅದನ್ನ ನೋಡಾಕೂ ರೊಕ್ಕ ಕೊಡಬೇಕೇನ್ರಿ?" ರೊಕ್ಕ ಬೇಡ, ಅನುಮತಿ ಬೇಕು. ಕಾರವಾರದ ಬಂಡೆಗೆ ಇಳಿಯಲು ಯಾರ ಚೀಟಿಯೂ ಬೇಕಿರಲಿಲ್ಲ. ಮನೆಯ ಹಿಂದಿನ ಗುಡ್ಡಕ್ಕೆ ಹೆಲ್ಮೆಟ್, ಸೇಫ್ಟಿ ಬೂಟು, ಗೇಟ್ ಪಾಸ್, ಕಾಡಿನ ಕಡೆಗಾದರೆ ಇನ್ನೊಂದು ಕಚೇರಿಯ ಪತ್ರ. ಮೇಡಂ ಅರ್ಜಿ ತುಂಬಿದರು. ಭೇಟಿಯ ಉದ್ದೇಶ ಎಂಬ ಕಾಲಮ್ಮಿನಲ್ಲಿ 'ಸಮುದ್ರ ವೀಕ್ಷಣೆ' ಎಂದು ಬರೆದರು. ಕಚೇರಿಯ ಗುಮಾಸ್ತರು ಕನ್ನಡಕ ಏರಿಸಿ ಓದಿ, ಅದರ ಸುತ್ತ ಕೆಂಪು ಪೆನ್ನಿನಲ್ಲಿ ವೃತ್ತ ಹಾಕಿ, "ಇದು ಹಳೇ ಅರ್ಜಿ ಕಾಪಿ ಹೊಡೆದಂಗೈತಿ, ತಿದ್ದಿ ತರ್ರಿ ಮೇಡಂ" ಎಂದು ವಾಪಸ್ ಕೊಟ್ಟಿದ್ದಾರೆ. ಮೇಡಂ ತಿದ್ದುವುದಿಲ್ಲವಂತೆ.